ಬಾಲಕ್ಕೆ ಹತ್ತಿದ ಬೆಂಕಿ

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಮನೆಗೆ ಸೀಮೆಎಣ್ಣೆ ತರುವ ಕೆಲಸ ನನ್ನದಾಗಿತ್ತು. ಬೆಳಿಗ್ಗೆ ಆರಕ್ಕೇ ಹೋಗಿ ಐದು ಲೀಟರಿನ ಡಬ್ಬಿಯನ್ನು ಸೊಸೈಟಿಯ ಮುಂದೆ ಸಾಲಿನಲ್ಲಿಟ್ಟು ಬರಬೇಕು. ಮನುಷ್ಯರಿಗಿಂತ ಮೊದಲು ಅಲ್ಲಿ ಡಬ್ಬಿಗಳು, ಕ್ಯಾನುಗಳು, ಕೆಲವೊಮ್ಮೆ ಬರೀ ಒಂದು ಕಲ್ಲೋ ಹರಿದ ಚಪ್ಪಲಿಯೋ ಸಾಲಾಗಿ ನಿಂತಿರುತ್ತಿದ್ದವು. ಯಾವ ಕಲ್ಲು ಯಾರದೆಂಬುದು ಎಲ್ಲರಿಗೂ ಗೊತ್ತು. ಹತ್ತು ಗಂಟೆಗೆ ಬಾಗಿಲು ತೆರೆಯುವ ಹೊತ್ತಿಗೆ ಡಬ್ಬಿಗಳ ಹಿಂದೆ ಅವುಗಳ ಯಜಮಾನತಿಯರು ಬಂದು ನಿಲ್ಲುತ್ತಿದ್ದರು. ಒಂದು ದಿನ ಮೂರು ಗಂಟೆ ಕಾದ ಮೇಲೆ, ನನ್ನ ಮುಂದೆ ಇನ್ನು ನಾಲ್ಕೇ ಜನ ಉಳಿದಿದ್ದಾಗ, ಒಳಗಿನಿಂದ ಒಂದು ಕೈ ಹೊರಚಾಚಿ ಬಾಗಿಲ ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಸ್ಟಾಕ್ ಇಲ್ಲ’ ಎಂದು ಬರೆದು ಒಳಗೆ ಹೋಯಿತು. ಕೈ ಮಾತ್ರ ಕಂಡಿತು, ಮುಖ ಕಾಣಲಿಲ್ಲ.

ಅಲ್ಲಿಯವರೆಗೆ ಒಬ್ಬರ ಡಬ್ಬಿ ಇನ್ನೊಬ್ಬರದಕ್ಕಿಂತ ಅರ್ಧ ಅಡಿ ಮುಂದೆ ಸರಿಯಿತೆಂದು ಕಿತ್ತಾಡುತ್ತಿದ್ದ ಹೆಂಗಸರೆಲ್ಲ ಆ ಕ್ಷಣದಲ್ಲಿ ಒಂದಾದರು. ನನ್ನ ಹಿಂದಿದ್ದ ಒಬ್ಬ ಅಜ್ಜಿ, “ಬೆಳಗಿನ ಜಾವ ಹಿಂದಿನ ಬಾಗಿಲಿನಿಂದ ಒಂದು ಡ್ರಮ್ಮು ಹೋಯಿತು, ನಾನೇ ಕಣ್ಣಾರೆ ನೋಡಿದೆ” ಎಂದರು. ನೋಡಿದ್ದರೋ ಇಲ್ಲವೋ, ದೇವರೇ ಬಲ್ಲ. ಎಲ್ಲರೂ ನಂಬಿದರು. ನಾನೂ ನಂಬಿದೆ. ಯಾರೋ ಒಬ್ಬರು ಬಾಗಿಲಿಗೆ ಒಮ್ಮೆ ಒದ್ದರು. ಉಳಿದವರು ಖಾಲಿ ಡಬ್ಬಿ ಹಿಡಿದುಕೊಂಡು ಮನೆಗೆ ಹೋದೆವು. ಅಷ್ಟೇ ಆದದ್ದು.

ಎಷ್ಟೋ ವರ್ಷಗಳ ನಂತರ 1917ರ ರಷ್ಯಾದ ಬಗ್ಗೆ ಓದತೊಡಗಿದಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಆ ಹಲಗೆ ಮತ್ತು ಆ ಡ್ರಮ್ಮು. ಕ್ರಾಂತಿ ಎಂದರೆ ಕೆಂಪು ಬಾವುಟ, ಬಿಗಿದ ಮುಷ್ಟಿ, ವೇದಿಕೆಯ ಮೇಲೆ ಮುಂದಕ್ಕೆ ಬಾಗಿ ಭಾಷಣ ಮಾಡುವ ಗಡ್ಡದ ನಾಯಕ ಎಂದುಕೊಂಡಿದ್ದವಳು ನಾನು. 304 ವರ್ಷ ಆಳಿದ ರೊಮನೊವ್ ವಂಶವನ್ನು ಒಂದೇ ವಾರದಲ್ಲಿ ಉರುಳಿಸಿದ ಆ ಗಲಾಟೆ ಶುರುವಾದಾಗ ಆ ಗಡ್ಡದ ನಾಯಕ ಊರಿನಲ್ಲೇ ಇರಲಿಲ್ಲ, ದೇಶದಲ್ಲೇ ಇರಲಿಲ್ಲ. ಊರಿನಲ್ಲಿದ್ದದ್ದು ಬ್ರೆಡ್ ಅಂಗಡಿಯ ಮುಂದಿನ ಸಾಲು.

ಆ ಸಾಲಿಗೆ ಅಂದಿನ ರಷ್ಯನ್ನರು ‘ಖ್ವೋಸ್ತ್’ ಎನ್ನುತ್ತಿದ್ದರು. ಬಾಲ ಎಂದರ್ಥ. ಓದಿದಾಗ ನಗು ಬಂತು. ಉದ್ದನೆಯ ಸಾಲು ಕಂಡರೆ ನಾವೂ ಹನುಮಂತನ ಬಾಲ ಎನ್ನುತ್ತೇವಲ್ಲ. ಆ ಬಾಲದ ಕಥೆಯಲ್ಲಿ ನಾವು ಸಾಮಾನ್ಯವಾಗಿ ಮರೆಯುವ ಒಂದು ವಿವರವಿದೆ. ಅದಕ್ಕೆ ಬಟ್ಟೆ ಸುತ್ತಿದವರೂ ಎಣ್ಣೆ ಸುರಿದವರೂ ಕಿಡಿ ಮುಟ್ಟಿಸಿದವರೂ ಲಂಕೆಯವರೇ.

ರಷ್ಯಾದ ಅಂದಿನ ರಾಜಧಾನಿ ಪೆಟ್ರೊಗ್ರಾಡ್‌ನಲ್ಲಿ ಬಟ್ಟೆ ಸುತ್ತುವ ಕೆಲಸ ಎರಡೂವರೆ ವರ್ಷ ನಡೆಯಿತು. 1914ರ ಆಗಸ್ಟ್ 1ರಂದು ಜರ್ಮನಿ ಯುದ್ಧ ಸಾರಿತು. ಮರುದಿನ ಚಳಿಗಾಲದ ಅರಮನೆಯ ಮುಂದೆ ಸೇರಿದ ಜನಸ್ತೋಮ ಮೊಣಕಾಲೂರಿ, ತ್ಸಾರ್, ಅಂದರೆ ಚಕ್ರವರ್ತಿ, ಎರಡನೆಯ ನಿಕೊಲಸ್‌ನನ್ನು ದೇವರು ಕಾಪಾಡಲಿ ಎಂದು ಹಾಡಿತು. ಊರಿನ ಹೆಸರಿನಲ್ಲೇ ಜರ್ಮನ್ ವಾಸನೆ ಇದೆಯೆಂದು ಸೇಂಟ್ ಪೀಟರ್ಸ್‌ಬರ್ಗ್ ಹೋಗಿ ಪೆಟ್ರೊಗ್ರಾಡ್ ಬಂತು. ಸೈನಿಕರು ಕುಡಿದು ಕೆಡಬಾರದೆಂದು ವೋಡ್ಕಾ ಮಾರಾಟಕ್ಕೆ ನಿಷೇಧ ಬಂತು. ಒಳ್ಳೆಯ ಉದ್ದೇಶವೇ. ಆದರೆ ವೋಡ್ಕಾ ಸರ್ಕಾರದ ಏಕಸ್ವಾಮ್ಯದ ವ್ಯಾಪಾರ, ಖಜಾನೆಯ ಆದಾಯದಲ್ಲಿ ಸುಮಾರು ಕಾಲು ಭಾಗ ಅದರಿಂದಲೇ ಬರುತ್ತಿತ್ತು. ಅದುವರೆಗಿನ ಇತಿಹಾಸದ ಅತಿ ದೊಡ್ಡ ಯುದ್ಧಕ್ಕೆ ಇಳಿಯುವ ಹೊತ್ತಿಗೇ ಮನೆಯ ಗಲ್ಲಾಪೆಟ್ಟಿಗೆಯನ್ನು ಬಾವಿಗೆ ಎಸೆದ ಹಾಗೆ. ತೂತು ಮುಚ್ಚಲು ನೋಟು ಅಚ್ಚು ಹಾಕಿದರು. ಬೆಲೆಗಳು ಏರಿದವು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು, ಏಕೆಂದರೆ ಬಹಳ ಜನ ಇದನ್ನು ತಪ್ಪು ತಿಳಿದಿದ್ದಾರೆ, ನಾನೂ ತಿಳಿದಿದ್ದೆ. ರಷ್ಯಾದಲ್ಲಿ ಆಗ ಬರಗಾಲವಿರಲಿಲ್ಲ. ಧಾನ್ಯ ಇತ್ತು. ಯುದ್ಧಕ್ಕೆ ಮುಂಚೆ ಜಗತ್ತಿಗೆ ಅತಿ ಹೆಚ್ಚು ಧಾನ್ಯ ಮಾರುತ್ತಿದ್ದ ದೇಶಗಳಲ್ಲಿ ಅದೂ ಒಂದು. ತುರ್ಕಿ ಜರ್ಮನಿಯ ಪಕ್ಷ ಸೇರಿ ಡಾರ್ಡನೆಲ್ಸ್ ಜಲಸಂಧಿಯನ್ನು ಮುಚ್ಚಿದ ಮೇಲೆ ಆ ರಫ್ತು ನಿಂತುಹೋಯಿತು. ಲೆಕ್ಕದ ಪ್ರಕಾರ ಹೊರಗೆ ಹೋಗುತ್ತಿದ್ದ ಧಾನ್ಯವೂ ಒಳಗೇ ಉಳಿದು ಜನ ಉಂಡು ತೇಗಬೇಕಿತ್ತು. ಹಾಗಾಗಲಿಲ್ಲ.

ಧಾನ್ಯ ಬೆಳೆಯುವುದು ದಕ್ಷಿಣದ ಉಕ್ರೇನ್‌ನಲ್ಲಿ, ವೋಲ್ಗಾ ತೀರದಲ್ಲಿ, ಸೈಬೀರಿಯಾದಲ್ಲಿ. ಸುಮಾರು 24 ಲಕ್ಷ ಬಾಯಿಗಳಿದ್ದ ರಾಜಧಾನಿ ಇರುವುದು ವಾಯವ್ಯದ ಮೂಲೆಯಲ್ಲಿ, ಬಾಲ್ಟಿಕ್ ಸಮುದ್ರದ ಕೊನೆಯಲ್ಲಿ. ನಡುವೆ ಸಾವಿರಾರು ಕಿಲೋಮೀಟರ್ ರೈಲು ದಾರಿ. ಆ ದಾರಿಯ ತುಂಬ ಈಗ ಯುದ್ಧರಂಗಕ್ಕೆ ಹೋಗುವ ಸೈನಿಕರು, ಕುದುರೆಗಳು, ಕುದುರೆಗಳಿಗೆ ಮೇವು, ಮದ್ದುಗುಂಡು. ಇದರ ಮೇಲೆ ಕಲ್ಲಿದ್ದಲಿನ ಗೋಳು. ಪೆಟ್ರೊಗ್ರಾಡ್‌ನ ಕಾರ್ಖಾನೆಗಳು ಮೊದಲು ಉರಿಸುತ್ತಿದ್ದದ್ದು ಹಡಗಿನಲ್ಲಿ ಬರುತ್ತಿದ್ದ ಇಂಗ್ಲೆಂಡಿನ ಕಲ್ಲಿದ್ದಲನ್ನು. ಬಾಲ್ಟಿಕ್ ಸಮುದ್ರವನ್ನು ಜರ್ಮನರು ಮುಚ್ಚಿದ ಮೇಲೆ ದೂರದ ಡೊನೆಟ್ಸ್ ಗಣಿಗಳಿಂದ ರೈಲಿನಲ್ಲೇ ತರಬೇಕಾಯಿತು. ಹಿಟ್ಟು ತರಬೇಕಿದ್ದ ವ್ಯಾಗನ್ನಿನಲ್ಲಿ ಕಲ್ಲಿದ್ದಲು ಬಂತು. ಕೆಟ್ಟ ಎಂಜಿನ್ನುಗಳನ್ನು ರಿಪೇರಿ ಮಾಡಬೇಕಿದ್ದ ಕಾರ್ಖಾನೆಗಳು ಫಿರಂಗಿ ಗುಂಡು ಮಾಡುತ್ತಿದ್ದವು. 1917ರ ಆರಂಭದ ಕಡು ಚಳಿಯಲ್ಲಿ ಎಂಜಿನ್ನುಗಳ ಬಾಯ್ಲರುಗಳು ಒಡೆದವು, ಹಳಿಗಳನ್ನು ಹಿಮ ಮುಚ್ಚಿತು.

ರೈತನ ಕಡೆಯಿಂದ ನೋಡಿದರೆ ಕಥೆ ಇನ್ನೂ ವಿಚಿತ್ರ. ಯುದ್ಧಕ್ಕೆ ಸುಮಾರು ಒಂದೂವರೆ ಕೋಟಿ ಗಂಡಸರನ್ನು ಎಳೆದೊಯ್ದಿದ್ದರು, ಬಹುಪಾಲು ಹಳ್ಳಿಗರು. ಆದರೂ ಉಳಿದ ಹೆಂಗಸರು, ಮುದುಕರು, ಮಕ್ಕಳು ಹೇಗೋ ಉತ್ತು ಬಿತ್ತಿದರು. ಬೆಳೆ ಬಂತು. ಸರ್ಕಾರ ಅದಕ್ಕೆ ಬೆಲೆ ಗೊತ್ತುಪಡಿಸಿತು. ಆ ಬೆಲೆಗೆ ಮಾರಿದರೆ ಕೈಗೆ ಬರುವುದು ದಿನದಿಂದ ದಿನಕ್ಕೆ ಹಗುರಾಗುತ್ತಿದ್ದ ರೂಬಲ್ ನೋಟು. ಆ ನೋಟಿಗೆ ಕೊಳ್ಳಲು ಏನಿದೆ? ಮೊಳೆ ಇಲ್ಲ, ಬಟ್ಟೆ ಇಲ್ಲ, ಕುಡುಗೋಲು ಇಲ್ಲ, ವೋಡ್ಕಾ ಮೊದಲೇ ಇಲ್ಲ. ರೈತ ಯೋಚಿಸಿದ. ಧಾನ್ಯವನ್ನು ಕಣಜದಲ್ಲೇ ಇಟ್ಟುಕೊಂಡ, ದನಗಳಿಗೆ ಹಾಕಿದ, ತಾನೂ ಹೊಟ್ಟೆ ತುಂಬ ತಿಂದ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಒಂದು ಸಾಮ್ರಾಜ್ಯದ ಅಳತೆಗೆ ಹಿಗ್ಗಿಸಿದರೆ 1916ರ ರಷ್ಯಾ. ಕೊನೆಗೆ ಡಿಸೆಂಬರಿನಲ್ಲಿ ತ್ಸಾರನ ಸರ್ಕಾರ ಪ್ರಾಂತ್ಯಗಳಿಗೆ ಇಂತಿಷ್ಟು ಧಾನ್ಯ ಕೊಡಲೇಬೇಕೆಂದು ಪಾಲು ಹಂಚಿತು. ಅದರ ಹೆಸರು ‘ರಜ್‌ವ್ಯೋರ್ಸ್ತ್ಕಾ’. ಈ ಪದವನ್ನು ನೆನಪಿನಲ್ಲಿಡಿ, ಮತ್ತೆ ಬರುತ್ತದೆ.

ಇನ್ನು ಸಾಲು. ರಷ್ಯನ್ ಭಾಷೆಯಲ್ಲಿ ‘ಖ್ಲೆಬ್’ ಎಂದರೆ ಬ್ರೆಡ್ಡೂ ಹೌದು, ಹೊಲದಲ್ಲಿ ನಿಂತ ಧಾನ್ಯವೂ ಹೌದು. ನಮ್ಮ ‘ಅನ್ನ’ದ ಹಾಗೆ, ತಟ್ಟೆಯಲ್ಲಿರುವುದನ್ನೂ ಬದುಕನ್ನೂ ಒಟ್ಟಿಗೆ ಹೇಳುವ ಪದ. ಬಡವರ ಊಟವೆಂದರೆ ರೈ ಧಾನ್ಯದ ದಪ್ಪನೆಯ ಕಪ್ಪು ಬ್ರೆಡ್. ಕಾರ್ಖಾನೆಯಲ್ಲಿ ಹತ್ತು ಗಂಟೆ ದುಡಿದ ಹೆಂಗಸು ಅಲ್ಲಿಂದ ನೇರವಾಗಿ ಬ್ರೆಡ್ ಅಂಗಡಿಯ ಮುಂದೆ ಹೋಗಿ ನಿಲ್ಲಬೇಕು, ಕೆಲವೊಮ್ಮೆ ರಾತ್ರಿಯಿಡೀ, ಹಿಮ ಬೀಳುತ್ತಿರುವಾಗ. ವಾರಕ್ಕೆ ನಲವತ್ತು ಗಂಟೆ ಹೀಗೆ ಸಾಲಿನಲ್ಲಿ ಕಳೆಯುತ್ತಿತ್ತೆಂಬ ಅಂದಾಜಿದೆ. ಅದು ಇನ್ನೊಂದು ಪೂರ್ಣಾವಧಿ ಕೆಲಸ, ಸಂಬಳವಿಲ್ಲದ್ದು. ಸಾಲಿನಲ್ಲಿ ಅವಳ ಹಿಂದೆ ಮುಂದೆ ನಿಂತವರು ‘ಸೋಲ್ದಾತ್ಕಿ’ಗಳು, ಅಂದರೆ ಸೈನಿಕರ ಹೆಂಡತಿಯರು. ಗಂಡ ಇದ್ದಾನೋ ಇಲ್ಲವೋ ಗೊತ್ತಿಲ್ಲ. ಸರ್ಕಾರ ಕೊಡುವ ಭತ್ಯೆ ಬೆಲೆಯ ಹಿಂದೆ ಓಡಿ ಓಡಿ ಸೋತಿದೆ. 1915ರಿಂದಲೇ ಸಕ್ಕರೆಗಾಗಿ, ಬಟ್ಟೆಗಾಗಿ ಊರೂರುಗಳ ಸಂತೆಯಲ್ಲಿ ಗಲಾಟೆ ಎಬ್ಬಿಸುತ್ತಿದ್ದವರು ಇವರೇ.

ಇದನ್ನು ಮೊದಲು ಸರಿಯಾಗಿ ಓದಿದ್ದು ಯಾವ ಕ್ರಾಂತಿಕಾರಿಯೂ ಅಲ್ಲ, ತ್ಸಾರನ ಗುಪ್ತ ಪೊಲೀಸ್ ಒಖ್ರಾನಾ. ಮನೆಯಲ್ಲಿ ಅರೆಹೊಟ್ಟೆಯ, ಕಾಯಿಲೆಯ ಮಕ್ಕಳನ್ನು ಬಿಟ್ಟು ಬಂದು ಕೊನೆಯಿಲ್ಲದ ಸಾಲಿನಲ್ಲಿ ನಿಂತು ಬಳಲಿದ ತಾಯಂದಿರು, ಮಿಲ್ಯುಕೊವ್‌ನಂಥ ವಿರೋಧ ಪಕ್ಷದ ಮಹಾಶಯರಿಗಿಂತ ಕ್ರಾಂತಿಗೆ ಹೆಚ್ಚು ಹತ್ತಿರದಲ್ಲಿದ್ದಾರೆ ಎಂಬ ಅರ್ಥದ ವರದಿಯನ್ನು 1917ರ ಆರಂಭದಲ್ಲಿ ಅದು ಮೇಲಕ್ಕೆ ಕಳುಹಿಸಿತು. ಎಂಥ ಕಣ್ಣು! ಕೆಟ್ಟ ಕೆಲಸಕ್ಕೆ ಇಟ್ಟುಕೊಂಡ ಕಣ್ಣು, ಆದರೆ ಸತ್ಯ ನೋಡಿತು. ಓದಬೇಕಾದವರು ಓದಲಿಲ್ಲ.

ಓದಬೇಕಾದವನು ರಾಜಧಾನಿಯಲ್ಲೇ ಇರಲಿಲ್ಲ ಎನ್ನುವುದೂ ನಿಜ. 1915ರ ಬೇಸಿಗೆಯಲ್ಲಿ ರಷ್ಯಾದ ಸೇನೆ ಪೋಲೆಂಡನ್ನು ಬಿಟ್ಟುಕೊಟ್ಟು ಹಿಂದೆ ಸರಿಯಿತು. ಬಂದೂಕು ಸಾಲದೆ ಕೆಲವು ಕಡೆ ಸೈನಿಕರು ಪಕ್ಕದವನು ಬೀಳುವುದನ್ನು ಕಾದು ಅವನ ಬಂದೂಕು ಎತ್ತಿಕೊಳ್ಳಬೇಕಿತ್ತು. ಆಗ ನಿಕೊಲಸ್ ಮಂತ್ರಿಗಳ ಮಾತು ಮೀರಿ ತಾನೇ ಮಹಾದಂಡನಾಯಕನಾಗಿ ಮೊಗಿಲೆವ್‌ನ ಸೇನಾ ಕೇಂದ್ರಕ್ಕೆ ಹೋಗಿ ಕುಳಿತ. ಅಲ್ಲಿಂದ ಮುಂದೆ ಪ್ರತಿ ಸೋಲಿನ ವಿಳಾಸ ಅವನ ಮನೆ. ರಾಜಧಾನಿಯಲ್ಲಿ ಉಳಿದವಳು ಜರ್ಮನಿಯಲ್ಲಿ ಹುಟ್ಟಿದ ಮಹಾರಾಣಿ ಅಲೆಕ್ಸಾಂಡ್ರಾ, ಅವಳ ಕಿವಿಯ ಹತ್ತಿರ ಅವಳು ನಂಬಿದ್ದ ಸಾಧು ರಾಸ್ಪುಟಿನ್. ಮುಂದಿನ ಒಂದೂವರೆ ವರ್ಷದಲ್ಲಿ ನಾಲ್ಕು ಪ್ರಧಾನ ಮಂತ್ರಿಗಳು ಆ ಕುರ್ಚಿಯಲ್ಲಿ ಕುಳಿತರು. ರಾಸ್ಪುಟಿನ್‌ನ ಕಥೆಯನ್ನು ಎಲ್ಲರೂ ಸಾಕಷ್ಟು ಚಪ್ಪರಿಸಿದ್ದಾರೆ, ನಾನು ಬಿಟ್ಟುಬಿಡುತ್ತೇನೆ. ಅವನನ್ನು 1916ರ ಡಿಸೆಂಬರಿನಲ್ಲಿ ಕೊಂದ ರಾಜವಂಶದ ನೆಂಟರು ಸಿಂಹಾಸನ ಉಳಿಯಿತೆಂದುಕೊಂಡರು. ಬ್ರೆಡ್ಡಿನ ಸಾಲು ಒಂದು ಮೊಳವೂ ಗಿಡ್ಡವಾಗಲಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ ಡೂಮಾ ಎಂಬ ಸಂಸತ್ತಿನಲ್ಲಿ ಮಿಲ್ಯುಕೊವ್ ಸರ್ಕಾರದ ಒಂದೊಂದೇ ತಪ್ಪನ್ನು ಎತ್ತಿ ಹೇಳಿ, “ಇದು ಮೂರ್ಖತನವೋ, ದ್ರೋಹವೋ?” ಎಂದು ಕೇಳುತ್ತ ಹೋದ. ಸಾಲಿನಲ್ಲಿ ನಿಂತವರಿಗೆ ಆ ಪ್ರಶ್ನೆ ಆಗಲೇ ಮುಗಿದಿತ್ತು. ಮಹಾರಾಣಿ ಜರ್ಮನರ ಗೂಢಚಾರಿಣಿ ಎಂದು ಅವರು ತೀರ್ಮಾನಿಸಿಯಾಗಿತ್ತು. ಅದಕ್ಕೆ ಯಾವ ಸಾಕ್ಷ್ಯವೂ ಇರಲಿಲ್ಲ. ಆದರೆ ನನಗೆ ಆ ಅಜ್ಜಿಯ ಡ್ರಮ್ಮು ನೆನಪಾಗುತ್ತದೆ. ಹಲಗೆಯ ಮೇಲೆ ‘ಇಲ್ಲ’ ಎಂದಷ್ಟೇ ಬರೆದು ಯಾಕಿಲ್ಲ ಎಂದು ಯಾರೂ ಹೇಳದಿದ್ದರೆ, ಕಾರಣವನ್ನು ಸಾಲು ತಾನೇ ಹೆಣೆದುಕೊಳ್ಳುತ್ತದೆ. ಹಸಿವನ್ನು ಮನುಷ್ಯ ಬಹಳ ಕಾಲ ತಡೆದುಕೊಳ್ಳಬಲ್ಲ. ನನ್ನ ಪಾಲಿನದು ಹಿಂದಿನ ಬಾಗಿಲಿನಿಂದ ಹೋಗುತ್ತಿದೆ ಎಂಬ ಗುಮಾನಿಯನ್ನು ತಡೆದುಕೊಳ್ಳುವುದು ಕಷ್ಟ.

ಫೆಬ್ರವರಿಯಲ್ಲಿ ಬ್ರೆಡ್ಡಿಗೆ ಪಡಿತರ ಚೀಟಿ ಬರುತ್ತದೆ ಎಂಬ ಸುದ್ದಿ ಹಬ್ಬಿತು. ಕೂಡಲೇ ಎಲ್ಲರೂ ಎರಡು ದಿನದ್ದನ್ನು ಒಂದೇ ದಿನ ಕೊಂಡು, ಮನೆಯಲ್ಲಿ ಒಣಗಿಸಿ ರಸ್ಕ್ ಮಾಡಿಟ್ಟುಕೊಳ್ಳತೊಡಗಿದರು. ಸಾಲು ಉದ್ದವಾಯಿತು. ನಗರದ ಸೇನಾಧಿಕಾರಿ ಜನರಲ್ ಖಬಾಲೊವ್, ಹಿಟ್ಟು ಬೇಕಾದಷ್ಟಿದೆ ಎಂದು ಗೋಡೆಗಳಿಗೆ ಪ್ರಕಟಣೆ ಅಂಟಿಸಿದ. ಗೋದಾಮಿನಲ್ಲಿ ಹಿಟ್ಟು ಇದ್ದಿರಲೂಬಹುದು. ಮುಚ್ಚಿದ ಅಂಗಡಿಯ ಮುಂದೆ ನಿಂತು ಅದನ್ನು ಓದಿದವರಿಗೆ ಏನನ್ನಿಸಿರಬೇಕು?

ಗುರುವಾರ, ಮಾರ್ಚ್ 8. ರಷ್ಯಾದ ಹಳೆಯ ಕ್ಯಾಲೆಂಡರ್ ಆಗ ಹದಿಮೂರು ದಿನ ಹಿಂದಿತ್ತು, ಅಲ್ಲಿ ಅದು ಫೆಬ್ರವರಿ 23. ಅದಕ್ಕೇ ಇದನ್ನು ಫೆಬ್ರವರಿ ಕ್ರಾಂತಿ ಎನ್ನುವುದು. ಅಂದು ಅಂತರರಾಷ್ಟ್ರೀಯ ಮಹಿಳಾ ದಿನ. ಚಳಿ ಕೊಂಚ ಇಳಿದಿತ್ತು. ನೆವಾ ನದಿಯ ಆಚೆ ದಡದ ವೈಬೋರ್ಗ್ ಬಡಾವಣೆಯ ಬೊಲ್ಶೆವಿಕ್ ಮುಖಂಡರು, ಅಂದರೆ ಆ ಗಡ್ಡದ ನಾಯಕನ ಪಕ್ಷದವರು, ಇವತ್ತು ಮುಷ್ಕರ ಬೇಡ, ಸಂಯಮವಿರಲಿ ಎಂದು ಹೆಂಗಸರಿಗೆ ಹಿಂದಿನ ದಿನ ಬುದ್ಧಿ ಹೇಳಿದ್ದರು. ಬಟ್ಟೆ ಗಿರಣಿಗಳ ಹೆಂಗಸರು ಕೇಳಲಿಲ್ಲ. ಮಗ್ಗ ನಿಲ್ಲಿಸಿ ಬೀದಿಗೆ ಬಂದರು. ಪಕ್ಕದ ಲೋಹದ ಕಾರ್ಖಾನೆಗಳ ಮುಂದೆ ನಿಂತು, ಕಿಟಕಿಗಳಿಗೆ ಹಿಮದ ಉಂಡೆ ಎಸೆದು, ಗಂಡಸರನ್ನು ಹೊರಗೆ ಕರೆದರು. ‘ಖ್ಲೇಬಾ! ಖ್ಲೇಬಾ!’ ಎಂಬ ಕೂಗು. ಸಂಜೆಯ ಹೊತ್ತಿಗೆ ಸುಮಾರು 90 ಸಾವಿರ ಜನ ಕೆಲಸ ಬಿಟ್ಟಿದ್ದರು. ಶುಕ್ರವಾರ ಅದು ಎರಡು ಲಕ್ಷದ ಸುತ್ತ. ಊರಿನ ನಡುಭಾಗಕ್ಕೆ ಬರದಂತೆ ಪೊಲೀಸರು ಸೇತುವೆಗಳನ್ನು ಅಡ್ಡಗಟ್ಟಿದರೆ, ಜನ ಕೆಳಗಿಳಿದು ಹೆಪ್ಪುಗಟ್ಟಿದ ನದಿಯ ಮೇಲೆಯೇ ನಡೆದು ಬಂದರು. ಆ ಚಿತ್ರ ನನ್ನ ತಲೆಯಿಂದ ಹೋಗುವುದೇ ಇಲ್ಲ. ಮೇಲೆ ಸೇತುವೆಯನ್ನು ಭದ್ರವಾಗಿ ಕಾಯುತ್ತಿರುವ ಪೊಲೀಸರು, ಕೆಳಗೆ ಮಂಜುಗಡ್ಡೆಯ ಮೇಲೆ ಶಾಲು ಹೊದ್ದ ಹೆಂಗಸರು, ಇರುವೆ ಸಾಲಿನ ಹಾಗೆ.

ಅರಮನೆಯಲ್ಲಿ ಮಕ್ಕಳಿಗೆ ದಡಾರ. ಅಲೆಕ್ಸಾಂಡ್ರಾ ಅವರ ಶುಶ್ರೂಷೆಯ ನಡುವೆಯೇ ಗಂಡನಿಗೆ ಕಾಗದ ಬರೆದಳು. ಇದು ಪುಂಡರ ಗಲಾಟೆ, ಹುಡುಗ ಹುಡುಗಿಯರು ಬ್ರೆಡ್ ಇಲ್ಲವೆಂದು ಕೂಗುತ್ತ ಓಡಾಡುತ್ತಿದ್ದಾರೆ, ಚಳಿ ಇನ್ನಷ್ಟು ಇದ್ದಿದ್ದರೆ ಬಹುಶಃ ಎಲ್ಲರೂ ಮನೆಯಲ್ಲೇ ಇರುತ್ತಿದ್ದರು ಎಂದು. ಮೊಗಿಲೆವ್‌ನಿಂದ ನಿಕೊಲಸ್ ಶನಿವಾರ ರಾತ್ರಿ ಖಬಾಲೊವ್‌ಗೆ ತಂತಿ ಕಳುಹಿಸಿದ. ಯುದ್ಧದ ಕಷ್ಟಕಾಲದಲ್ಲಿ ಸಲ್ಲದ ಈ ಗೊಂದಲವನ್ನು ನಾಳೆಯೇ ನಿಲ್ಲಿಸತಕ್ಕದ್ದು. ಇದು ಕಿಡಿ ಮುಟ್ಟಿಸಿದ ತಂತಿ. ಅಲ್ಲಿಯವರೆಗೆ ಪ್ರಶ್ನೆ ಬ್ರೆಡ್ಡಿನದಾಗಿತ್ತು. ಭಾನುವಾರ ಸೈನಿಕರು ಜನರ ಮೇಲೆ ಗುಂಡು ಹಾರಿಸಿದರು. ಜ್ನಾಮೆನ್ಸ್ಕಯಾ ಚೌಕದಲ್ಲಿ ಹತ್ತಾರು ಹೆಣಗಳು ಬಿದ್ದವು. ಡೂಮಾದ ಅಧ್ಯಕ್ಷ ರೊಡ್ಜಿಯಾಂಕೊ ಪರಿಸ್ಥಿತಿ ಕೈಮೀರಿದೆ ಎಂದು ತಂತಿ ಕೊಟ್ಟರೆ, ಆ ದಪ್ಪ ರೊಡ್ಜಿಯಾಂಕೊ ಮತ್ತೆ ಏನೇನೋ ಅಸಂಬದ್ಧ ಬರೆದಿದ್ದಾನೆ, ಉತ್ತರವನ್ನೂ ಕೊಡುವುದಿಲ್ಲ ಎಂದನಂತೆ ನಿಕೊಲಸ್.

ಗುಂಡು ಹಾರಿಸಿದವರು ಯಾರು ಎಂಬುದನ್ನು ಅರಮನೆ ಯೋಚಿಸಲೇ ಇಲ್ಲ. ಹಳೆಯ ಕಸುಬುದಾರ ಸೈನಿಕರು ಎರಡು ವರ್ಷಗಳಲ್ಲಿ ಯುದ್ಧರಂಗದಲ್ಲಿ ಮಣ್ಣಾಗಿದ್ದರು. ಪೆಟ್ರೊಗ್ರಾಡ್‌ನ ಬ್ಯಾರಕ್ಕುಗಳಲ್ಲಿ ಕಿಕ್ಕಿರಿದು ತುಂಬಿದ್ದ ಸುಮಾರು 1.6 ಲಕ್ಷ ಜನ ಹೊಸದಾಗಿ ಹಿಡಿದು ತಂದ ರೈತರು, ಗಾಯ ಮಾಯುತ್ತಿದ್ದವರು, ನಲವತ್ತು ದಾಟಿದ ಸಂಸಾರಸ್ಥರು. ಎದುರಿನ ಸಾಲಿನಲ್ಲಿ ನಿಂತ ಹೆಂಗಸು ಅವರಿಗೆ ಅಪರಿಚಿತಳಲ್ಲ. ಭಾನುವಾರ ರಾತ್ರಿ ವೊಲಿನ್ಸ್ಕಿ ರೆಜಿಮೆಂಟಿನ ಬ್ಯಾರಕ್ಕಿನಲ್ಲಿ ಸಾರ್ಜೆಂಟ್ ತಿಮೊಫೇಯ್ ಕಿರ್ಪಿಚ್ನಿಕೊವ್ ಮತ್ತು ಅವನ ಜೊತೆಗಾರರು ನಿದ್ದೆ ಮಾಡಲಿಲ್ಲ. ನಾಳೆ ಹಾರಿಸುವುದಿಲ್ಲ ಎಂದು ಮಾತಾಯಿತು. ಸೋಮವಾರ ಬೆಳಿಗ್ಗೆ ಅಧಿಕಾರಿ ಲಷ್ಕೆವಿಚ್ ಬಂದು ತ್ಸಾರನ ಆಜ್ಞೆ ಓದಿದ. ಅವರು ನಿರಾಕರಿಸಿದರು. ಹೊರಗೆ ಅಂಗಳ ದಾಟುತ್ತಿದ್ದ ಅವನನ್ನು ಹಿಂದಿನಿಂದ ಬಂದ ಗುಂಡು ಕೆಡವಿತು. ಇನ್ನು ಹಿಂದಿರುಗುವಂತಿಲ್ಲ ಎಂದು ಗೊತ್ತಾಗಿ ಅವರು ಪಕ್ಕದ ರೆಜಿಮೆಂಟಿನ ಕಡೆ ಓಡಿದರು, ಅಲ್ಲಿಂದ ಮತ್ತೊಂದಕ್ಕೆ. ಕತ್ತಲಾಗುವ ಹೊತ್ತಿಗೆ ಊರು ತ್ಸಾರನ ಕೈಯಲ್ಲಿರಲಿಲ್ಲ. ರಕ್ತವಿಲ್ಲದ ಕ್ರಾಂತಿ ಎಂದು ಇದನ್ನು ಆಮೇಲೆ ಹೊಗಳಿದವರುಂಟು. ಸತ್ತವರು, ಗಾಯಗೊಂಡವರು ಸೇರಿ 1,300ಕ್ಕೂ ಹೆಚ್ಚು.

ಈಗ ರಾಜಧಾನಿಗೆ ಹಿಂದಿರುಗಬೇಕೆಂದು ನಿಕೊಲಸ್ ರೈಲು ಹತ್ತಿದ. ಹಿಟ್ಟಿನ ವ್ಯಾಗನ್ನುಗಳು ಎರಡು ವರ್ಷ ಸಿಕ್ಕಿಹಾಕಿಕೊಂಡಿದ್ದ ಅದೇ ಹಳಿಗಳ ಮೇಲೆ ಈಗ ರಾಜನ ರೈಲೂ ಸಿಕ್ಕಿಹಾಕಿಕೊಂಡಿತು. ಮುಂದಿನ ನಿಲ್ದಾಣಗಳು ಬಂಡಾಯಗಾರರ ವಶದಲ್ಲಿವೆ ಎಂಬ ಸುದ್ದಿ ಬಂತು. ಡೂಮಾದ ಸದಸ್ಯನೊಬ್ಬ ರೈಲ್ವೆ ಕಚೇರಿಯನ್ನು ವಶಪಡಿಸಿಕೊಂಡು, ರೈಲ್ವೆಯದೇ ತಂತಿಯಲ್ಲಿ ದೇಶದ ಮೂಲೆ ಮೂಲೆಗೆ ಸುದ್ದಿ ಕಳುಹಿಸುತ್ತಿದ್ದ. ರಾಜನ ರೈಲು ಹಿಂದಕ್ಕೆ ತಿರುಗಿ, ಸುತ್ತು ಬಳಸಿ, ಪ್ಸ್ಕೊವ್ ತಲುಪಿ ನಿಂತಿತು. ಅಲ್ಲಿ ಜನರಲ್ ರುಜ್ಸ್ಕಿ ಅವನ ಕೈಗೆ ತಂತಿಗಳ ಕಟ್ಟು ಕೊಟ್ಟ. ಯುದ್ಧರಂಗದ ದಂಡನಾಯಕರೆಲ್ಲರ ಸಲಹೆ ಒಂದೇ, ಸಿಂಹಾಸನ ಬಿಡಿ. ಮಾರ್ಚ್ 15ರ ಗುರುವಾರ ರಾತ್ರಿ, ಹೆಂಗಸರು ಮಗ್ಗ ನಿಲ್ಲಿಸಿ ಸರಿಯಾಗಿ ಒಂದು ವಾರಕ್ಕೆ, ರೈಲು ಡಬ್ಬಿಯಲ್ಲಿ ಕುಳಿತು ಅವನು ತನ್ನ ಪರವಾಗಿಯೂ ಕಾಯಿಲೆಯ ಮಗನ ಪರವಾಗಿಯೂ ಪಟ್ಟ ಬಿಟ್ಟ. ತಮ್ಮ ಮಿಖಾಯಿಲ್‌ಗೆ ಬಿಟ್ಟ. ಮಿಖಾಯಿಲ್ ಮರುದಿನವೇ ಬೇಡವೆಂದ.

ಅವನ ದಿನಚರಿ ಉಳಿದಿದೆ. ಪೆಟ್ರೊಗ್ರಾಡ್ ಹೊತ್ತಿಕೊಂಡ ಆ ಮೊದಲ ಗುರುವಾರ ಅವನು ಬರೆದದ್ದು: ಚಳಿ, ಬಿಸಿಲು, ಗಾಳಿ, ರೈಲಿನಲ್ಲಿ ಬಿಡುವಿನ ಹೊತ್ತೆಲ್ಲ ಜೂಲಿಯಸ್ ಸೀಸರ್ ಗಾಲ್ ದೇಶವನ್ನು ಗೆದ್ದದ್ದರ ಬಗ್ಗೆ ಒಂದು ಫ್ರೆಂಚ್ ಪುಸ್ತಕ ಓದಿದೆ. ಪಟ್ಟ ಬಿಟ್ಟ ರಾತ್ರಿ, ಸುತ್ತಲೂ ದ್ರೋಹ, ಹೇಡಿತನ, ವಂಚನೆ ಎಂದು ಬರೆದ. ಮಾರನೆಯ ದಿನ: ಬಹಳ ಹೊತ್ತು ಗಾಢವಾಗಿ ನಿದ್ರಿಸಿದೆ, ಸೀಸರ್ ಬಗ್ಗೆ ತುಂಬ ಓದಿದೆ. ಇದನ್ನು ಓದಿ ಸಿಟ್ಟಾಗಬೇಕೋ ಮರುಗಬೇಕೋ ನನಗೆ ಇನ್ನೂ ತೀರ್ಮಾನವಾಗಿಲ್ಲ.

ಆ ಗಡ್ಡದ ನಾಯಕ ಎಲ್ಲಿದ್ದ? ಲೆನಿನ್ ಜೂರಿಕ್‌ನಲ್ಲಿ, ಪರದೇಶವಾಸಿಯಾಗಿ, ಗ್ರಂಥಾಲಯಗಳಲ್ಲಿ ದಿನ ಕಳೆಯುತ್ತಿದ್ದ. ಆ ಜನವರಿಯಲ್ಲಷ್ಟೇ ಅಲ್ಲಿನ ತರುಣರಿಗೆ ಭಾಷಣ ಮಾಡುತ್ತ, ಬರಲಿರುವ ಕ್ರಾಂತಿಯ ನಿರ್ಣಾಯಕ ಕದನಗಳನ್ನು ನಮ್ಮಂಥ ಹಿರಿಯರು ನೋಡದೇ ಹೋಗಬಹುದು ಎಂದಿದ್ದ. ಅವನಿಗಾಗ 46 ವರ್ಷ. ಮತ್ತೊಬ್ಬ ಕ್ರಾಂತಿಕಾರಿ ಟ್ರಾಟ್ಸ್ಕಿ ನ್ಯೂಯಾರ್ಕ್‌ನಲ್ಲಿದ್ದ. ಜೀವನವಿಡೀ ಕ್ರಾಂತಿಯ ಪಂಚಾಂಗ ಬರೆದವರಿಗೇ ಮುಹೂರ್ತ ತಪ್ಪಿತು.

ಹಾಗಾದರೆ ಎಂಟು ತಿಂಗಳಲ್ಲಿ ಅಧಿಕಾರ ಅವರ ಕೈಗೆ ಬಂದದ್ದು ಹೇಗೆ? ನನಗೆ ಕಾಣುವ ಮಟ್ಟಿಗೆ, ಮಧ್ಯೆ ಬಂದ ಸಜ್ಜನರು ಸಾಲಿನ ಕಾರಣವನ್ನು ಮುಟ್ಟಲಿಲ್ಲ. ತ್ಸಾರ್ ಹೋದ ಮೇಲೆ ಬಂದ ತಾತ್ಕಾಲಿಕ ಸರ್ಕಾರವನ್ನು ನಡೆಸಿದ ಪ್ರಿನ್ಸ್ ಲ್ವೊವ್, ಆಮೇಲೆ ಕೆರೆನ್ಸ್ಕಿ, ಕೆಟ್ಟವರಲ್ಲ. ವಾಕ್ ಸ್ವಾತಂತ್ರ್ಯ ಕೊಟ್ಟರು, ಮರಣದಂಡನೆ ತೆಗೆದರು, ಹೆಂಗಸರಿಗೆ ಮತದಾನದ ಹಕ್ಕು ಒಪ್ಪಿದರು. ಆದರೆ ಯುದ್ಧ ನಿಲ್ಲಿಸಲಿಲ್ಲ. ಮಿತ್ರರಾಷ್ಟ್ರಗಳಿಗೆ ಕೊಟ್ಟ ಮಾತು, ಅವರಿಂದ ಪಡೆದ ಸಾಲ, ಜರ್ಮನರು ಒಳನುಗ್ಗುವ ಭಯ, ಎಲ್ಲಕ್ಕೂ ಅರ್ಥವಿತ್ತು. ಯುದ್ಧ ನಿಲ್ಲದೆ ರೈಲು ಬಿಡುವಾಗುವುದಿಲ್ಲ, ರೈಲಿಲ್ಲದೆ ಹಿಟ್ಟಿಲ್ಲ. ಭೂಮಿ ಹಂಚಿಕೆಯ ಪ್ರಶ್ನೆಯನ್ನು ಮುಂದೆ ಸೇರಲಿರುವ ಸಂವಿಧಾನ ಸಭೆಗೆ ಎತ್ತಿಟ್ಟರು. ಬೇಸಿಗೆಯಲ್ಲಿ ಕೆರೆನ್ಸ್ಕಿ ಹೊರಡಿಸಿದ ದಾಳಿ ಮುರಿದುಬಿತ್ತು, ಸೈನಿಕರು ಬಂದೂಕು ಹೆಗಲಿಗೇರಿಸಿ ತಮ್ಮ ಹಳ್ಳಿಯ ಜಮೀನು ಹಂಚಿಕೆಗೆ ಓಡಿದರು. ಪೆಟ್ರೊಗ್ರಾಡ್‌ನಲ್ಲಿ ದಿನದ ಪಡಿ ತಿಂಗಳು ತಿಂಗಳಿಗೆ ತೆಳ್ಳಗಾಯಿತು. ಈ ಸಜ್ಜನರ ಮೇಲೆ ನನಗೆ ಸಿಟ್ಟಿಗಿಂತ ಮರುಕ ಹೆಚ್ಚು. ಮನೆಗೆ ಬೆಂಕಿ ಬಿದ್ದಾಗ ಹಕ್ಕುಪತ್ರ ಜೋಡಿಸುತ್ತ ಕುಳಿತವರ ಮೇಲೆ ಬರುವಂಥ ಮರುಕ.

ಏಪ್ರಿಲ್ 16ರ ರಾತ್ರಿ ಲೆನಿನ್ ಜರ್ಮನರ ಕೃಪೆಯಿಂದ ಜರ್ಮನಿಯನ್ನು ರೈಲಿನಲ್ಲಿ ದಾಟಿ ಫಿನ್‌ಲ್ಯಾಂಡ್ ನಿಲ್ದಾಣದಲ್ಲಿ ಇಳಿದ. ಅವನ ಪಕ್ಷದ ಮಾತು ಮೂರು ಪದಗಳಿಗೆ ಇಳಿಯಿತು: ಶಾಂತಿ, ಅನ್ನ, ಭೂಮಿ. ಇದರಲ್ಲಿ ಅನ್ನ ಮತ್ತು ಭೂಮಿಯನ್ನು ಇತರರೂ ಹೇಳುತ್ತಿದ್ದರು. ಶಾಂತಿಯನ್ನು ಈಗಲೇ, ಷರತ್ತಿಲ್ಲದೆ ಎಂದು ಹೇಳಿದ ದೊಡ್ಡ ಗಂಟಲು ಅವನದೊಂದೇ. ಫೆಬ್ರವರಿಯಲ್ಲಿ ಇಪ್ಪತ್ತು ಮೂವತ್ತು ಸಾವಿರ ಸದಸ್ಯರಿದ್ದ ಪಕ್ಷ ಸೆಪ್ಟೆಂಬರಿನ ಹೊತ್ತಿಗೆ ಪೆಟ್ರೊಗ್ರಾಡ್, ಮಾಸ್ಕೋ ಎರಡೂ ಕಡೆ ಸೋವಿಯತ್ತುಗಳಲ್ಲಿ, ಅಂದರೆ ಕಾರ್ಮಿಕರ, ಸೈನಿಕರ ಮಂಡಳಿಗಳಲ್ಲಿ, ಬಹುಮತ ಗಳಿಸಿತು. ನವೆಂಬರ್ 7ರಂದು ಅಧಿಕಾರ ಹಿಡಿಯಿತು. ಅಂದು ಚಳಿಗಾಲದ ಅರಮನೆಯನ್ನು ಕಾಯಲು ಕೆಡೆಟ್ ಹುಡುಗರು, ಒಂದಿಷ್ಟು ಕೊಸಾಕ್‌ಗಳು, ಹೆಂಗಸರ ಒಂದು ತುಕಡಿ ಇಷ್ಟೇ ಇತ್ತು.

ಯುದ್ಧದ ಹಸಿವು ಎಲ್ಲ ಅರಸರನ್ನೂ ಹೀಗೆ ಕೆಡವುತ್ತದೆ ಎಂದೇನಿಲ್ಲ. ಜರ್ಮನಿಯಲ್ಲಿ ಆಲೂಗಡ್ಡೆಯೂ ಸಿಗದೆ ದನದ ಮೇವಿನ ಟರ್ನಿಪ್ ಗೆಡ್ಡೆ ತಿಂದ 1916-17ರ ಚಳಿಗಾಲವನ್ನು ಅಲ್ಲಿನ ಚಕ್ರವರ್ತಿ ಕೈಸರ್ ದಾಟಿದ. ಅವನು ಬಿದ್ದದ್ದು 1918ರ ನವೆಂಬರಿನಲ್ಲಿ, ಸೋಲು ಖಚಿತವಾಗಿ ನಾವಿಕರು ದಂಗೆಯೆದ್ದ ಮೇಲೆ. ಬ್ರಿಟನ್ನಿನಲ್ಲೂ ಸಾಲುಗಳು ಬೆಳೆದವು. ಅಲ್ಲಿ 1918ರಲ್ಲಿ ಪಡಿತರ ಚೀಟಿ ಬಂದು, ಶ್ರೀಮಂತನಿಗೂ ಅಷ್ಟೇ ಸಕ್ಕರೆ ಎಂದಾದ ಮೇಲೆ ಸಾಲುಗಳು ಕರಗಿದವು. ಅಲ್ಲಿನ ರಾಜ ಐದನೆಯ ಜಾರ್ಜ್ ತನ್ನ ಮನೆತನದ ಜರ್ಮನ್ ಹೆಸರನ್ನು ವಿಂಡ್ಸರ್ ಎಂದು ಬದಲಿಸಿಕೊಂಡ. ಸಹೋದರ ಸಂಬಂಧಿ ನಿಕೊಲಸ್‌ಗೆ ಮೊದಲು ಒಪ್ಪಿದ್ದ ಆಶ್ರಯವನ್ನೂ, ಜನ ಏನೆಂದಾರೋ ಎಂದು ಹಿಂದಕ್ಕೆ ಪಡೆದ. ನಿಕೊಲಸ್, ಅಲೆಕ್ಸಾಂಡ್ರಾ, ಐವರು ಮಕ್ಕಳನ್ನು 1918ರ ಜುಲೈ 17ರಂದು ಯೆಕಟೆರಿನ್‌ಬರ್ಗ್‌ನ ಮನೆಯೊಂದರ ನೆಲಮಾಳಿಗೆಯಲ್ಲಿ ಕೊಂದರು.

ಸಾಲಿನಲ್ಲಿ ನಿಂತವರಿಗೆ ಏನು ಸಿಕ್ಕಿತು? ಸಂವಿಧಾನ ಸಭೆಗೆ ಚುನಾವಣೆ ನಡೆಯಿತು. ಬೊಲ್ಶೆವಿಕ್‌ಗಳಿಗೆ ಸಿಕ್ಕಿದ್ದು ಸುಮಾರು ಕಾಲು ಭಾಗ ಮತ. 1918ರ ಜನವರಿಯಲ್ಲಿ ಸಭೆ ಒಂದು ದಿನ ಕೂಡಿತು, ಮರುದಿನ ಬಾಗಿಲಿಗೆ ಬೀಗ. ಜರ್ಮನಿಯೊಂದಿಗೆ ಶಾಂತಿ ಬಂತು, ಅದರ ಬೆನ್ನಿಗೇ ಅಂತರ್ಯುದ್ಧ ಬಂತು. ಧಾನ್ಯ ಕೊಡದ ರೈತನ ಕಣಜಕ್ಕೆ ಶಸ್ತ್ರಸಜ್ಜಿತ ತಂಡಗಳು ಹೋದವು. ಆ ಪದ್ಧತಿಯ ಹೆಸರು? ರಜ್‌ವ್ಯೋರ್ಸ್ತ್ಕಾ. ತ್ಸಾರನ ಕಪಾಟಿನಿಂದ ಪದವನ್ನು ತೆಗೆದು ಬಂದೂಕಿನ ತುದಿಗೆ ಸಿಕ್ಕಿಸಿದ್ದರು. 24 ಲಕ್ಷ ಜನರಿದ್ದ ಪೆಟ್ರೊಗ್ರಾಡ್‌ನಲ್ಲಿ 1920ರಲ್ಲಿ ಉಳಿದವರು ಏಳು ಲಕ್ಷದ ಆಸುಪಾಸು. ಕಾಣೆಯಾದವರಲ್ಲಿ ಬಹಳಷ್ಟು ಜನ ಅನ್ನವಿದ್ದ ಹಳ್ಳಿಗಳಿಗೆ ಹೋಗಿಬಿಟ್ಟಿದ್ದರು, ಅಥವಾ ಮಣ್ಣಿಗೆ.

1921ರ ಆರಂಭದಲ್ಲಿ ನಗರದ ಬ್ರೆಡ್ ಪಡಿಯನ್ನು ಮೂರನೆಯ ಒಂದು ಭಾಗ ಕಡಿತ ಮಾಡಿದರು. ಫೆಬ್ರವರಿಯಲ್ಲಿ ಪೆಟ್ರೊಗ್ರಾಡ್‌ನ ಕಾರ್ಖಾನೆಗಳು ಮುಷ್ಕರ ಹೂಡಿದವು. ಅದೇ ತಿಂಗಳು, ಅದೇ ಕಾರ್ಖಾನೆಗಳು, ಅದೇ ಕೂಗು. ಈ ಸಲದ ಸರ್ಕಾರ ತ್ಸಾರನಷ್ಟು ಮಂಕಲ್ಲ. ಒಂದು ಕೈಯಲ್ಲಿ ಬಂಧಿಸಿತು, ಇನ್ನೊಂದು ಕೈಯಲ್ಲಿ ಬ್ರೆಡ್ ತರಿಸಿ ಹಂಚಿತು. ಮುಷ್ಕರದ ಸುದ್ದಿ ಕೇಳಿ ನಗರದ ಎದುರಿನ ಫಿನ್‌ಲ್ಯಾಂಡ್ ಕೊಲ್ಲಿಯ ನಡುವಿನ ಕ್ರೋನ್‌ಸ್ಟಾಟ್ ಕೋಟೆಯ ನಾವಿಕರು ಬಂಡೆದ್ದರು. 1917ರಲ್ಲಿ ಬೊಲ್ಶೆವಿಕ್‌ಗಳ ಬಲಗೈಯಾಗಿದ್ದ ಕೋಟೆ ಅದು. ಅವರನ್ನು ಬೇಗ ಮುಗಿಸಬೇಕಿತ್ತು, ಏಕೆಂದರೆ ಕೆಲವೇ ವಾರಗಳಲ್ಲಿ ಕೊಲ್ಲಿಯ ಮಂಜುಗಡ್ಡೆ ಕರಗಿದರೆ ಕೋಟೆಯನ್ನು ಕಾಲ್ನಡೆಯಲ್ಲಿ ತಲುಪುವಂತಿರಲಿಲ್ಲ. ಮಾರ್ಚ್ 17ರ ಬೆಳಗಿನ ಜಾವ, ಕತ್ತಲೆಯಲ್ಲಿ, ಹಿಮದ ಬಣ್ಣಕ್ಕೆ ಹೊಂದುವ ಬಿಳಿ ನಿಲುವಂಗಿ ಹೊದ್ದ ಕೆಂಪು ಸೇನೆಯ ಸೈನಿಕರು ದಡದಿಂದ ಕೆಳಗಿಳಿದು, ಹೆಪ್ಪುಗಟ್ಟಿದ ನೀರಿನ ಮೇಲೆ ಸಾಲು ಸಾಲಾಗಿ ನಡೆಯತೊಡಗಿದರು.